ಮಂಡಿಯ ಹಳೆಯ ಪಿಎಚ್‌ಪಿ ತಂತ್ರಾಂಶ: ಬೇರೆ ಭಾಷೆಗೆ ಬದಲಿಸಬೇಕೇ?

ಪ್ರಶ್ನೆ: ಶಿರಸಿ ಸಮೀಪ ನಮ್ಮ ಕುಟುಂಬದ ಅಡಿಕೆ ಮಂಡಿ ಇದೆ. 2012ರಲ್ಲಿ ನನ್ನ ಸೋದರಳಿಯ ಎಂಜಿನಿಯರಿಂಗ್ ಓದುತ್ತಿದ್ದಾಗ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ತಂತ್ರಾಂಶ ಬರೆದುಕೊಟ್ಟಿದ್ದ. ರೈತರ ಖಾತೆ, ತೂಕ, ದಲಾಲಿ, ಹಮಾಲಿ, ಮುಂಗಡ, ಕೊನೆಗೆ ರೈತರ ಕೈಗೆ ಕೊಡುವ ಪಟ್ಟಿ, ಎಲ್ಲವೂ ಇಂದಿಗೂ ಅದರಲ್ಲೇ ನಡೆಯುತ್ತಿದೆ. ಆತ ಈಗ ವಿದೇಶದಲ್ಲಿದ್ದಾನೆ. ಕೇಳಿದರೆ ‘ಮಾವ, ಆ ಕೋಡ್ ನನಗೇ ನೆನಪಿಲ್ಲ’ ಎನ್ನುತ್ತಾನೆ. ಸರ್ವರ್ ಬಾಡಿಗೆಗೆ ಕೊಟ್ಟಿರುವ ಹೋಸ್ಟಿಂಗ್ ಕಂಪನಿಯವರು ಇನ್ನು ಆರು ತಿಂಗಳಲ್ಲಿ ಪಿಎಚ್‌ಪಿ 5.6 ಆವೃತ್ತಿಯನ್ನು ನಿಲ್ಲಿಸುವುದಾಗಿ ತಿಳಿಸಿದ್ದಾರೆ. ಬೆಂಗಳೂರಿನ ಡೆವಲಪರ್ ಒಬ್ಬರು ‘ಪಿಎಚ್‌ಪಿ ಸತ್ತ ಭಾಷೆ, ಎಐ ಬಳಸಿ ಎರಡೇ ವಾರದಲ್ಲಿ ಎಲ್ಲವನ್ನೂ ನೋಡ್‌ಗೆ ಬದಲಿಸಿಕೊಡುತ್ತೇನೆ’ ಎನ್ನುತ್ತಿದ್ದಾರೆ. ನೋಡ್ ಎಂದರೆ ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರಿನಲ್ಲಿ ನಡೆಸುವ ವ್ಯವಸ್ಥೆಯಂತೆ. ಮತ್ತೊಬ್ಬರು ಪೈಥಾನ್ ಭಾಷೆ ಒಳ್ಳೆಯದು ಎನ್ನುತ್ತಾರೆ. ಸುಮಾರು 180 ಫೈಲುಗಳಿವೆ. ನಾವು ಏನು ಮಾಡಬೇಕು? ಬದಲಾಯಿಸಿದ ಮೇಲೆ ಲೆಕ್ಕ ತಪ್ಪಿದರೆ ರೈತರ ಮುಖ ನೋಡುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಹೋಸ್ಟಿಂಗ್ ಕಂಪನಿಯ ಗಡುವು ಒಂದು. ಅದು ನಿಜವಾದದ್ದು, ಅದಕ್ಕೆ ಉತ್ತರ ಬೇಕೇ ಬೇಕು. ಭಾಷೆ ಬದಲಿಸುವ ಪ್ರಶ್ನೆ ಇನ್ನೊಂದು; ಅದನ್ನು ಆ ಗಡುವಿನ ಜೊತೆಗೆ ನಿಮ್ಮ ಹೆಗಲಿಗೆ ಬೇರೆಯವರು ಏರಿಸಿದ್ದಾರೆ. ಪತ್ರದ ಕೊನೆಯ ಸಾಲಿನಲ್ಲಿರುವ ಭಯವೇ ನಿಮ್ಮ ನಿಜವಾದ ಪ್ರಶ್ನೆಯೆಂದು ತಿಳಿದು, ಅದನ್ನೇ ಎದುರಿಗಿಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲಿಗೆ ‘ಸತ್ತ ಭಾಷೆ’ ಎಂಬ ಮಾತು. ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕಾಗಿ ಮಾಡಿಕೊಂಡಿದ್ದ ಸಲಕರಣೆಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಾಗ ಹುಟ್ಟಿದ್ದು ಪಿಎಚ್‌ಪಿ. ನೀವು ದಿನವೂ ತೆರೆಯುವ ವಿಕಿಪೀಡಿಯ ಇಂದಿಗೂ ಪಿಎಚ್‌ಪಿಯಲ್ಲಿದೆ, ವರ್ಡ್‌ಪ್ರೆಸ್ ಕೂಡ ಅದರಲ್ಲಿದೆ. ಫೇಸ್‌ಬುಕ್ಕಿಗೆ ಪಿಎಚ್‌ಪಿಯ ವೇಗ ಸಾಲದಾದಾಗ ಅದು ತನ್ನ ಕೋಡನ್ನೆಲ್ಲ ಎಸೆದು ಬೇರೆ ಭಾಷೆಯಲ್ಲಿ ಬರೆಯಲು ಕೂರಲಿಲ್ಲ; ಪಿಎಚ್‌ಪಿಯನ್ನೇ ಸಿ++ ಆಗಿ ಮಾರ್ಪಡಿಸುವ ಹಿಪ್‌ಹಾಪ್ ಎಂಬ ಸಾಧನವನ್ನು ಕಟ್ಟಿ 2010ರಲ್ಲಿ ಹೊರಗಿಟ್ಟಿತು, 2014ರಲ್ಲಿ ಪಿಎಚ್‌ಪಿಯಿಂದಲೇ ಕವಲೊಡೆದ ಹ್ಯಾಕ್ ಭಾಷೆಯನ್ನು ತಂದು ಹಂತಹಂತವಾಗಿ ಅದಕ್ಕೆ ಸರಿಯಿತು. ಅಷ್ಟು ಎಂಜಿನಿಯರುಗಳಿದ್ದ ಕಂಪನಿಯೇ ಒಂದೇ ಬಾರಿಗೆ ಹಾರಲು ಹೆದರಿತು ಎಂಬುದನ್ನು ನಿಮ್ಮ ಡೆವಲಪರ್ ಸ್ನೇಹಿತರು ಗಮನಿಸಬೇಕು.

ಸತ್ತಿರುವುದು ಪಿಎಚ್‌ಪಿ ಅಲ್ಲ, ಅದರ 5.6ನೇ ಆವೃತ್ತಿ. 2014ರ ಆಗಸ್ಟ್‌ನಲ್ಲಿ ಬಂದ ಈ ಆವೃತ್ತಿಗೆ ಭದ್ರತಾ ತೇಪೆಗಳನ್ನು ಕೊಡುವುದನ್ನು 2018ರ ಡಿಸೆಂಬರ್ 31ಕ್ಕೆ ನಿಲ್ಲಿಸಲಾಯಿತು. ಅಂದರೆ ಅಲ್ಲಿಂದ ಇಲ್ಲಿಯವರೆಗೆ ನಿಮ್ಮ ರೈತರ ಖಾತೆಗಳು ಬೀಗ ಕೆಟ್ಟ ಬಾಗಿಲಿನ ಹಿಂದೆ ಇವೆ. ಹೋಸ್ಟಿಂಗ್ ಕಂಪನಿ ಮಾಡುತ್ತಿರುವುದು ತಡವಾದ ಸರಿಯಾದ ಕೆಲಸ. ನಿಮ್ಮ ಸೋದರಳಿಯ 2012ರಲ್ಲಿ ಬರೆದಿದ್ದರೆ ಡೇಟಾಬೇಸ್ ಜೊತೆ ಮಾತಾಡಲು ‘ಮೈಎಸ್‌ಕ್ಯೂಎಲ್ ಅಂಡರ್‌ಸ್ಕೋರ್ ಕ್ವೆರಿ’ ಎಂಬ ಹಳೆಯ ಫಂಕ್ಷನ್‌ಗಳನ್ನು ಬಳಸಿರುವ ಸಾಧ್ಯತೆಯೇ ಹೆಚ್ಚು, ಆ ಕಾಲದ ಪಾಠಗಳೆಲ್ಲ ಹಾಗೇ ಇದ್ದವು. 2015ರ ಡಿಸೆಂಬರ್‌ನಲ್ಲಿ ಬಂದ 7.0 ಆವೃತ್ತಿಯಿಂದ ಅವುಗಳನ್ನು ಕಿತ್ತುಹಾಕಲಾಗಿದೆ. ಹಾಗಾಗಿ ಸರ್ವರಿನಲ್ಲಿ ಆವೃತ್ತಿಯ ಸಂಖ್ಯೆ ಬದಲಿಸಿದ ಮರುಕ್ಷಣ ನಿಮ್ಮ ತಂತ್ರಾಂಶ ಬಿಳಿ ಪುಟ ತೋರಿಸಿ ನಿಲ್ಲುತ್ತದೆ. ಇದನ್ನು ಕಂಡ ಅನೇಕರು ‘ಇಡೀ ಕೋಡ್ ಕೆಲಸಕ್ಕೆ ಬಾರದು’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ನಿಜದಲ್ಲಿ ಕೆಟ್ಟಿರುವುದು ಬಾಗಿಲಿನ ಕೀಲು ಮಾತ್ರ, ಮನೆಯಲ್ಲ.

ಇನ್ನು ‘ಎರಡು ವಾರದಲ್ಲಿ ಬದಲಿಸಿಕೊಡುತ್ತೇನೆ’ ಎಂಬ ಭರವಸೆ. ಅದನ್ನು ಸುಳ್ಳು ಎನ್ನಲಾರೆ. ನಾನೂ ಎಐ ಸಾಧನಗಳನ್ನು ದಿನವೂ ಬಳಸುತ್ತೇನೆ, 180 ಫೈಲುಗಳನ್ನು ಪಿಎಚ್‌ಪಿಯಿಂದ ಜಾವಾಸ್ಕ್ರಿಪ್ಟಿಗೆ ಮಾರ್ಪಡಿಸಿ, ಪರದೆಗಳು ತೆರೆದುಕೊಳ್ಳುವ ಮಟ್ಟಕ್ಕೆ ತರಲು ಎರಡು ವಾರ ಸಾಕಾಗಬಹುದು. ತೊಂದರೆ ಇರುವುದು, ಕೋಡಿನಲ್ಲಿ ಬರೆದದ್ದು ಮಾತ್ರ ಹಾಗೆ ದಾಟಿ ಹೋಗುತ್ತದೆ ಎಂಬಲ್ಲಿ. ಬರೆಯದೇ ಬಿಟ್ಟದ್ದು, ಅಂದರೆ ಮೂಲ ಭಾಷೆ ತಾನಾಗಿಯೇ ನಡೆಸಿಕೊಡುತ್ತಿದ್ದ ಸಂಗತಿಗಳು, ಹೊಸ ಭಾಷೆಯಲ್ಲಿ ಬೇರೆ ರೀತಿ ನಡೆಯುತ್ತವೆ. ಅವುಗಳನ್ನು ನಿಮ್ಮ ಮಂಡಿಯ ಲೆಕ್ಕದಲ್ಲೇ ಇಟ್ಟು ತೋರಿಸುತ್ತೇನೆ.

ಎರಡು ಚೀಲದ ತೂಕ 62 ಮತ್ತು 58 ಕೆ.ಜಿ. ಎಂದುಕೊಳ್ಳಿ. ವೆಬ್ ಫಾರ್ಮಿನಿಂದ ಬರುವ ಅಂಕಿಗಳು ಸಂಖ್ಯೆಗಳಲ್ಲ, ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. ಪಿಎಚ್‌ಪಿಯಲ್ಲಿ ಅವುಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ 120 ಬರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿಯೂ ಪೈಥಾನಿನಲ್ಲಿಯೂ ಅದೇ ಚಿಹ್ನೆ ಎರಡನ್ನೂ ಅಂಟಿಸಿ 6258 ಎನ್ನುತ್ತದೆ. ಈ ತಪ್ಪಿಗೆ ಹೆದರಬೇಕಿಲ್ಲ. ಆರು ಸಾವಿರ ಕೆ.ಜಿ. ಎಂದು ಪಟ್ಟಿಯಲ್ಲಿ ಬಂದ ಮೊದಲ ದಿನವೇ ನಿಮ್ಮ ಗುಮಾಸ್ತರು ನಗುತ್ತಾ ಹಿಡಿದುಕೊಡುತ್ತಾರೆ. ಹೆದರಬೇಕಾದದ್ದು ಐವತ್ತು ಪೈಸೆಯ ತಪ್ಪಿಗೆ.

ಹಮಾಲಿ 12 ರೂಪಾಯಿ 50 ಪೈಸೆ ಆಯಿತು, ಅದನ್ನು ಪೂರ್ಣ ರೂಪಾಯಿಗೆ ಸರಿಹೊಂದಿಸಬೇಕು. ಪಿಎಚ್‌ಪಿಯ ರೌಂಡ್ ಫಂಕ್ಷನ್ 13 ಎನ್ನುತ್ತದೆ. ಪೈಥಾನ್ 3ರಲ್ಲಿ ಅದೇ ಹೆಸರಿನ ಫಂಕ್ಷನ್ 12 ಎನ್ನುತ್ತದೆ, ಏಕೆಂದರೆ ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 13 ರೂಪಾಯಿ 50 ಪೈಸೆಯನ್ನು ಮಾತ್ರ ಎರಡೂ 14 ಎನ್ನುತ್ತವೆ. ಜಾವಾಸ್ಕ್ರಿಪ್ಟ್ 12.50ನ್ನು 13 ಎಂದೇ ಮಾಡುತ್ತದೆ, ಆದರೆ ಕಡಿತವೆಂದು ಋಣ ಚಿಹ್ನೆಯೊಂದಿಗೆ ಬರೆದ -12.50 ಅನ್ನು -12 ಮಾಡುತ್ತದೆ, ಪಿಎಚ್‌ಪಿ ಅದನ್ನು -13 ಮಾಡುತ್ತಿತ್ತು. ಯಾವುದೂ ತಪ್ಪಲ್ಲ, ಅವರವರ ನಿಯಮ ಅವರವರದು. ಆದರೆ ವರ್ಷದ ಕೊನೆಗೆ ಖಾತೆಯ ಮೊತ್ತ ಪಟ್ಟಿಗಳ ಮೊತ್ತಕ್ಕೆ ತಾಳೆಯಾಗದೆ, ಎಲ್ಲಿ ಒಂದೊಂದು ರೂಪಾಯಿ ಹೋಯಿತೆಂದು ಹುಡುಕುವವರು ನೀವು.

ಹಮಾಲಿಯ ವಿಷಯದಲ್ಲೇ ಇನ್ನೊಂದು. ರೈತರು ತಮ್ಮ ಆಳುಗಳಿಂದಲೇ ಚೀಲ ಇಳಿಸಿಕೊಂಡರೆ ಆ ಜಾಗದಲ್ಲಿ 0 ಹಾಕುತ್ತೀರಿ ಎಂದಿಟ್ಟುಕೊಳ್ಳೋಣ. ‘ಹಮಾಲಿ ಇದ್ದರೆ ಆ ಸಾಲನ್ನು ಮುದ್ರಿಸು’ ಎಂದು ಕೋಡಿನಲ್ಲಿದ್ದರೆ, ಸೊನ್ನೆಯೆಂಬ ಒಂದೇ ಅಕ್ಷರವಿರುವ ಸ್ಟ್ರಿಂಗನ್ನು ಪಿಎಚ್‌ಪಿ ‘ಇಲ್ಲ’ ಎಂದು ತಿಳಿಯುತ್ತದೆ. ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್ ಎರಡೂ ಅದನ್ನು ‘ಇದೆ’ ಎಂದೇ ತಿಳಿಯುತ್ತವೆ. ಆ ಸಾಲಿನ ಜೊತೆ ಕನಿಷ್ಠ ದರವೇನಾದರೂ ಕೂಡಿಕೊಳ್ಳುವಂತಿದ್ದರೆ, ಹಮಾಲಿಯೇ ಇಲ್ಲದ ರೈತರಿಂದ ಹಮಾಲಿ ಹಿಡಿದಂತಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ದಿನಾಂಕದ ಬಗ್ಗೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದರಿಂದ ‘ತಿಂಗಳು 4ಕ್ಕಿಂತ ಕಡಿಮೆಯಿದ್ದರೆ ಹಿಂದಿನ ವರ್ಷದ ಬಿಲ್ ಸಂಖ್ಯೆ’ ಎಂಬ ಸಾಲು ಭಾರತದ ಬಹುತೇಕ ಲೆಕ್ಕದ ತಂತ್ರಾಂಶಗಳಲ್ಲಿ ಇದ್ದೇ ಇರುತ್ತದೆ. ಪಿಎಚ್‌ಪಿಯಲ್ಲಿ ಏಪ್ರಿಲ್ ಎಂದರೆ 4. ಜಾವಾಸ್ಕ್ರಿಪ್ಟಿನಲ್ಲಿ ತಿಂಗಳುಗಳ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಏಪ್ರಿಲ್ ಎಂದರೆ 3. ಬದಲಿಸುವವರು ಆ ಒಂದು ಅಂಕಿಯನ್ನು ಗಮನಿಸದಿದ್ದರೆ ಏಪ್ರಿಲ್ ತಿಂಗಳ ಅಷ್ಟೂ ಪಟ್ಟಿಗಳು ಕಳೆದ ವರ್ಷದ ಲೆಕ್ಕಕ್ಕೆ ಹೋಗಿ ಕೂರುತ್ತವೆ. ಆಗಸ್ಟ್‌ನಲ್ಲಿ ತಂತ್ರಾಂಶವನ್ನು ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ, ಅಷ್ಟರಲ್ಲಿ ಅವರ ಹಣವೂ ಸಂದಾಯವಾಗಿರುತ್ತದೆ. ಇದಕ್ಕೆ ಸೇರಿದಂತೆ ಸಮಯ ವಲಯದ ಕಥೆ ಇದೆ. ಭಾರತದ ಸಮಯದಲ್ಲಿ ಏಪ್ರಿಲ್ 1ರ ಮಧ್ಯರಾತ್ರಿ ಎಂದು ಇಟ್ಟ ದಿನಾಂಕವನ್ನು ಜಾವಾಸ್ಕ್ರಿಪ್ಟ್ ತನ್ನ ಪ್ರಮಾಣಿತ ರೂಪದಲ್ಲಿ ಬರೆದಾಗ ಅದು ಐದೂವರೆ ಗಂಟೆ ಹಿಂದಕ್ಕೆ, ಮಾರ್ಚ್ 31ರ 18:30ಕ್ಕೆ ಸರಿಯುತ್ತದೆ. ಅದರ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ಡೇಟಾಬೇಸಿಗೆ ಹಾಕಿದರೆ ದಿನ ಒಂದು ಹಿಂದೆ, ಆ ದಿನದ ಮಟ್ಟಿಗೆ ವರ್ಷವೂ ಒಂದು ಹಿಂದೆ.

ಬಾಕಿದಾರರ ಪಟ್ಟಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಪಿಎಚ್‌ಪಿಯ ಅರೇ, ಅಂದರೆ ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಪಟ್ಟಿ, ತನ್ನೊಳಗಿನ ಕ್ರಮವನ್ನು ಕಾಪಾಡುತ್ತದೆ. ರೈತರ ಖಾತೆ ಸಂಖ್ಯೆಯನ್ನು ಕೀಲಿಯಾಗಿಟ್ಟು ಬಾಕಿಯ ಮೊತ್ತದ ಪ್ರಕಾರ ಜೋಡಿಸಿದರೆ ಹಾಗೇ ಉಳಿಯುತ್ತದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಆಬ್ಜೆಕ್ಟಿನಲ್ಲಿ ಕೀಲಿ ಪೂರ್ಣಾಂಕವಾಗಿದ್ದರೆ ನೀವು ಹೇಗೆ ಜೋಡಿಸಿದರೂ ಅದು ಏರಿಕೆಯ ಕ್ರಮಕ್ಕೇ ಮರಳುತ್ತದೆ. ‘ಅತಿ ಹೆಚ್ಚು ಬಾಕಿಯಿರುವ ಇಪ್ಪತ್ತು ಜನ’ ಎಂದು ಕೇಳಿದರೆ ಮೊದಲ ಇಪ್ಪತ್ತು ಖಾತೆದಾರರ ಹೆಸರು ಬರುತ್ತದೆ, ಅವರಲ್ಲಿ ಅರ್ಧ ಜನರ ಬಾಕಿ ಸೊನ್ನೆ ಇದ್ದರೂ. ಮ್ಯಾಪ್ ಎಂಬ ಬೇರೆ ರಚನೆ ಬಳಸಿದರೆ ಈ ತೊಂದರೆ ಇಲ್ಲ, ಆದರೆ ಅದನ್ನು ಬಳಸಬೇಕೆಂದು ಗೊತ್ತಿರಬೇಕಷ್ಟೆ.

ಮೇಲಿನವೆಲ್ಲ ಸಾಲುಗಳ ಮಟ್ಟದ ತಪ್ಪುಗಳು. ಇವುಗಳಿಗಿಂತ ಆಳದಲ್ಲಿ ಕೆಲಸದ ರೀತಿಯೇ ಬೇರೆಯಾಗಿರುವ ಒಂದು ವ್ಯತ್ಯಾಸವಿದೆ. ಪಿಎಚ್‌ಪಿಯಲ್ಲಿ ಯಾರಾದರೂ ಒಂದು ಪುಟ ಕೇಳಿದಾಗ ಪ್ರೋಗ್ರಾಂ ಹೊಸದಾಗಿ ಹುಟ್ಟಿ, ಉತ್ತರ ಕೊಟ್ಟು, ತನ್ನ ವೇರಿಯಬಲ್‌ಗಳ ಸಮೇತ ಅಳಿದುಹೋಗುತ್ತದೆ. 2009ರಲ್ಲಿ ರಯಾನ್ ಡಾಲ್ ರೂಪಿಸಿದ ನೋಡ್ ಹಾಗಲ್ಲ; ಅದು ಬೆಳಿಗ್ಗೆ ಎದ್ದರೆ ಎದ್ದೇ ಇರುತ್ತದೆ, ಬಂದವರಿಗೆಲ್ಲ ಅದೊಂದೇ ಪ್ರಕ್ರಿಯೆ ಉತ್ತರ ಕೊಡುತ್ತದೆ. ಪಿಎಚ್‌ಪಿಯಲ್ಲಿ ‘ಈಗಿನ ಖಾತೆದಾರ’ ಎಂದು ಫೈಲಿನ ಮೇಲ್ಭಾಗದಲ್ಲಿ ಇಟ್ಟ ವೇರಿಯಬಲ್ ನಿರಪಾಯಕಾರಿ. ನೋಡ್‌ಗೆ ಅದನ್ನು ಹಾಗೇ ದಾಟಿಸಿದರೆ ಇಬ್ಬರು ಒಟ್ಟಿಗೆ ಬಂದಾಗ ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರು ಬರೆದಂತಾಗುತ್ತದೆ. ಇದು ಪುಸ್ತಕದಿಂದ ಹೇಳುತ್ತಿರುವ ಮಾತಲ್ಲ. ಹಲವು ವರ್ಷಗಳ ಹಿಂದೆ ಒಂದು ಪತ್ತಿನ ಸಂಘಕ್ಕೆ ನಾನೇ ಮುಂದೆ ನಿಂತು ಇಂಥ ಬದಲಾವಣೆ ಮಾಡಿಸಿದ್ದೆ. ಕಚೇರಿಯಲ್ಲಿ ಒಬ್ಬನೇ ಕೂತು ಪರೀಕ್ಷಿಸಿದಾಗ ಎಲ್ಲವೂ ಸರಿಯಿತ್ತು. ಸಾಲದ ಕಂತು ಕಟ್ಟುವ ಕೊನೆಯ ದಿನ, ಮೂರು ಕೌಂಟರುಗಳು ಒಟ್ಟಿಗೆ ನಡೆಯುತ್ತಿದ್ದಾಗ, ಒಬ್ಬ ಸದಸ್ಯರ ರಸೀದಿಯ ಮೇಲೆ ಮತ್ತೊಬ್ಬರ ಬಾಕಿ ಮುದ್ರಣವಾಯಿತು. ಆ ಸಂಜೆ ನಾವು ಕಾಗದದ ರಸೀದಿ ಪುಸ್ತಕಕ್ಕೆ ಮರಳಿದೆವು. ತಪ್ಪು ಭಾಷೆಯದ್ದಾಗಿರಲಿಲ್ಲ, ಪೂರ್ತಿಯಾಗಿ ನನ್ನದಾಗಿತ್ತು.

ಕನ್ನಡದಲ್ಲಿ ಹೆಸರು, ಊರು ಬರೆದಿಟ್ಟವರಿಗೆ ಇನ್ನೊಂದು ಎಚ್ಚರಿಕೆ. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ (ಒತ್ತಕ್ಷರಕ್ಕೆ ದಾರಿ ಮಾಡುವ ಚಿಹ್ನೆ), ನ, ಡ ಎಂದು ಐದು ಸಂಕೇತ. ಯುಟಿಎಫ್-8 ರೂಪದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು ಹದಿನೈದು. ಪಿಎಚ್‌ಪಿಯ ಹಳೆಯ ಉದ್ದ ಅಳೆಯುವ ಫಂಕ್ಷನ್ 15 ಎನ್ನುತ್ತದೆ, ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್ 5 ಎನ್ನುತ್ತವೆ. ಮುದ್ರಿತ ಪಟ್ಟಿಯಲ್ಲಿ ಹೆಸರಿನ ಜಾಗವನ್ನು ಉದ್ದ ನೋಡಿ ಕತ್ತರಿಸುವ ಕೋಡ್ ಇದ್ದರೆ ಅದನ್ನು ಕಣ್ಣಿಟ್ಟು ನೋಡಬೇಕು. ಅದಕ್ಕಿಂತ ಗಂಭೀರವಾದದ್ದು ಡೇಟಾಬೇಸಿನಲ್ಲಿ ಅಡಗಿರಬಹುದು. ಆ ಕಾಲದಲ್ಲಿ ಅನೇಕರು ಕೋಷ್ಟಕದ ಲಿಪಿ ಸಂಕೇತವನ್ನು ಲ್ಯಾಟಿನ್ ಎಂದೇ ಬಿಟ್ಟು ಅದರೊಳಗೆ ಕನ್ನಡ ತುಂಬಿದ್ದರು. ಪಿಎಚ್‌ಪಿ ಬೈಟ್‌ಗಳನ್ನು ಇದ್ದ ಹಾಗೇ ಹಾಕಿ ಇದ್ದ ಹಾಗೇ ತೆಗೆಯುತ್ತಿದ್ದುದರಿಂದ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಹೊಸ ಭಾಷೆಯ ಸಂಪರ್ಕ ಸಾಧನ ಯೂನಿಕೋಡ್ ನಿರೀಕ್ಷಿಸಿ ಬಂದಾಗ ಡೇಟಾಬೇಸ್ ಒಳ್ಳೆಯ ಮನಸ್ಸಿನಿಂದ ‘ಲ್ಯಾಟಿನ್’ ಅನ್ನು ಯೂನಿಕೋಡಿಗೆ ಪರಿವರ್ತಿಸಿ ಕೊಡುತ್ತದೆ, ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಈ ಸ್ಥಿತಿಯಲ್ಲಿ ಯಾರಾದರೂ ಖಾತೆ ತಿದ್ದಿ ಉಳಿಸಿದರೆ ಸರಿಯಿರುವ ಹೆಸರುಗಳೂ ಕೆಟ್ಟ ಹೆಸರುಗಳೂ ಒಂದೇ ಕೋಷ್ಟಕದಲ್ಲಿ ಬೆರೆತು, ಆಮೇಲೆ ಬಿಡಿಸುವುದು ಅಕ್ಕಿಯಿಂದ ಕಲ್ಲು ಆರಿಸುವ ಕೆಲಸವಾಗುತ್ತದೆ. ಕೋಷ್ಟಕದಲ್ಲಿ ಕನ್ನಡ ಹೆಸರುಗಳಿರುವ ಕಾಲಂ ಅನ್ನು ಮೊದಲು ಬೈನರಿ ಎಂದು ಘೋಷಿಸಿ, ಅನಂತರ ಯುಟಿಎಫ್-8 ಎಂದು ಘೋಷಿಸಿದರೆ ಬೈಟ್‌ಗಳು ಕದಲದೆ ಹಣೆಪಟ್ಟಿ ಮಾತ್ರ ಬದಲಾಗುತ್ತದೆ. ಯಾವ ದಾರಿ ಹಿಡಿದರೂ ಈ ಕೆಲಸ ಮೊದಲು ಆಗಬೇಕು, ಅದೂ ಡೇಟಾಬೇಸಿನ ಪ್ರತಿಯ ಮೇಲೆ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನು ನಿಮ್ಮ ಜಾಗದಲ್ಲಿದ್ದರೆ ಭಾಷೆ ಬದಲಿಸದೆ ಆವೃತ್ತಿ ಬದಲಿಸುತ್ತಿದ್ದೆ, ಅಂದರೆ ಇದೇ ಕೋಡನ್ನು ಪಿಎಚ್‌ಪಿ 8.4ಕ್ಕೆ ತರುತ್ತಿದ್ದೆ, ಅದಕ್ಕೆ 2028ರ ಡಿಸೆಂಬರ್‌ವರೆಗೆ ಭದ್ರತಾ ತೇಪೆಗಳು ಸಿಗುತ್ತವೆ. ಹಳೆಯ ಡೇಟಾಬೇಸ್ ಕರೆಗಳನ್ನು ತೆಗೆದು ಪಿಡಿಒ ಎಂಬ ಹೊಸ ವಿಧಾನ ಹಾಕಬೇಕು. ಹಾಗೆ ಮಾಡುವಾಗಲೇ, ಬಳಕೆದಾರರು ತುಂಬಿದ್ದನ್ನು ನೇರವಾಗಿ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ವಾಕ್ಯಕ್ಕೆ ಅಂಟಿಸುತ್ತಿದ್ದ ಅಪಾಯಕಾರಿ ಅಭ್ಯಾಸವನ್ನೂ ಬಿಡಿಸಬೇಕು. ದುರುದ್ದೇಶದವರು ಹುಡುಕು ಪೆಟ್ಟಿಗೆಯ ಮೂಲಕವೇ ನಿಮ್ಮ ಖಾತೆಗಳನ್ನು ಓದುವ ದಾರಿ ಅದು. ರೆಕ್ಟರ್ ಎಂಬ ಉಚಿತ ಸಾಧನ ಇಂಥ ಮಾರ್ಪಾಡುಗಳಲ್ಲಿ ಯಾಂತ್ರಿಕವಾದ ಭಾಗವನ್ನು ಮಾಡಿಕೊಡುತ್ತದೆ. ಪಾಸ್‌ವರ್ಡುಗಳನ್ನು ಎಂಡಿ5 ಎಂಬ ಹಳೆಯ, ದುರ್ಬಲ ರೂಪದಲ್ಲಿ ಇಟ್ಟಿದ್ದರೆ, ಪ್ರತಿಯೊಬ್ಬರೂ ಮುಂದಿನ ಬಾರಿ ಲಾಗಿನ್ ಆದಾಗ ಗಟ್ಟಿಯಾದ ರೂಪಕ್ಕೆ ಬದಲಿಸಿಕೊಳ್ಳುವಂತೆ ಬರೆಯಬಹುದು.

ಈ ದಾರಿಯಲ್ಲಿ ಅಪಾಯವೇ ಇಲ್ಲವೆಂದಲ್ಲ. 2020ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8, ಸಂಖ್ಯೆ ಮತ್ತು ಸ್ಟ್ರಿಂಗಿನ ಹೋಲಿಕೆಯ ನಿಯಮವನ್ನೇ ಬದಲಿಸಿತು. ದರದ ಪೆಟ್ಟಿಗೆಯನ್ನು ಖಾಲಿ ಬಿಟ್ಟಾಗ ‘ದರ ಸೊನ್ನೆಗೆ ಸಮವೇ’ ಎಂದು ಕೇಳಿದರೆ ನಿಮ್ಮ 5.6 ‘ಹೌದು’ ಎನ್ನುತ್ತಿತ್ತು, 8 ‘ಅಲ್ಲ’ ಎನ್ನುತ್ತದೆ. ‘ದರ ಹಾಕಿಲ್ಲ’ ಎಂಬ ಎಚ್ಚರಿಕೆ ಆ ಹೋಲಿಕೆಯ ಮೇಲೆ ನಿಂತಿದ್ದರೆ ಅದು ಸದ್ದಿಲ್ಲದೆ ಕಾಣೆಯಾಗುತ್ತದೆ. ಆದರೂ ಹುಡುಕಬೇಕಾದ ಜಾಗಗಳು ಎಣಿಸುವಷ್ಟು, ದಾಖಲೆಯಲ್ಲಿ ಬರೆದಿಟ್ಟವು. ಭಾಷೆ ಬದಲಿಸಿದಾಗ ಪ್ರತಿ ಸಾಲನ್ನೂ ಅನುಮಾನಿಸಬೇಕು.

ಗಡುವಿನೊಳಗೆ ಇದೂ ಆಗದಿದ್ದರೆ, ತಂತ್ರಾಂಶವನ್ನು ಇಂಟರ್‌ನೆಟ್‌ನಿಂದ ಕೆಳಗಿಳಿಸಿ ಮಂಡಿಯೊಳಗಿನ ಒಂದು ಕಂಪ್ಯೂಟರಿನಲ್ಲಿ, ಹೊರಗಿನ ಸಂಪರ್ಕವಿಲ್ಲದೆ, ನಾಲ್ಕಾರು ತಿಂಗಳು ನಡೆಸಬಹುದು. ಹಳೆಯ ಆವೃತ್ತಿಗಳಿಗೆ ಹಣ ಪಡೆದು ತೇಪೆ ಒದಗಿಸುವ ಕಂಪನಿಗಳೂ ಇವೆ. ಎರಡೂ ಉಸಿರು ತೆಗೆದುಕೊಳ್ಳಲು ಸಿಗುವ ಬಿಡುವು, ಅಷ್ಟೆ. ದಿನದ ಕೊನೆಗೆ ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ತೆಗೆಯುವವರು ಯಾರೆಂದು ನಿರ್ಧರಿಸದೆ ಮೊದಲನೆಯದನ್ನು ಮಾಡಬೇಡಿ.

ನೋಡ್ ಅಥವಾ ಪೈಥಾನ್ ಎಂದಿಗೂ ಬೇಡವೇ? ಬೇಕಾಗಬಹುದು. ರೈತರ ಮೊಬೈಲಿಗೆ ಆ ಕ್ಷಣದ ದರ ಹೋಗಬೇಕು, ಟೆಂಡರಿನ ಫಲಿತಾಂಶ ಪರದೆಯ ಮೇಲೆ ತಾನಾಗಿ ಬದಲಾಗಬೇಕು ಎಂದಾದರೆ ನೋಡ್ ಅದಕ್ಕೆ ಹೇಳಿ ಮಾಡಿಸಿದಂತಿದೆ. ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಹತ್ತು ವರ್ಷದ ದರಗಳನ್ನು ವಿಶ್ಲೇಷಿಸುವ ಆಸೆಯಿದ್ದರೆ ಪೈಥಾನಿನಷ್ಟು ಅನುಕೂಲ ಬೇರೆಡೆ ಸಿಗದು. ಇನ್ನು ಮುಂದೆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಪಿಎಚ್‌ಪಿ ಬಾರದು, ನೋಡ್ ಮಾತ್ರ ಬರುತ್ತದೆ ಎಂಬುದೂ ನನ್ನ ದೃಷ್ಟಿಯಲ್ಲಿ ಸಾಕಷ್ಟು ದೊಡ್ಡ ಕಾರಣವೇ. ಹಾಗಿದ್ದರೆ ಆಲದ ಗಿಡದ ಕ್ರಮ ಅನುಸರಿಸಿ. ಹಕ್ಕಿ ಹಾಕಿದ ಬೀಜ ಹಳೆಯ ಮರದ ಕವಲಿನಲ್ಲಿ ಮೊಳೆತು, ಬೇರುಗಳನ್ನು ನಿಧಾನವಾಗಿ ನೆಲಕ್ಕಿಳಿಸಿ, ತಾನು ಗಟ್ಟಿಯಾದ ಮೇಲೆ ಹಳೆಯ ಮರದ ಹಂಗು ತೊರೆಯುವುದನ್ನು ನಮ್ಮ ಕಡೆ ನೋಡದವರಿಲ್ಲ. ಇಂಥದ್ದೇ ‘ಸ್ಟ್ರ್ಯಾಂಗ್ಲರ್’ ಮರಗಳನ್ನು ಆಸ್ಟ್ರೇಲಿಯಾದಲ್ಲಿ ಕಂಡ ತಂತ್ರಾಂಶ ತಜ್ಞ ಮಾರ್ಟಿನ್ ಫೌಲರ್ 2004ರಲ್ಲಿ ಈ ವಿಧಾನಕ್ಕೆ ಆ ಮರದ ಹೆಸರನ್ನೇ ಇಟ್ಟರು. ಎಂಜಿನ್‌ಎಕ್ಸ್‌ನಂಥ ಒಂದು ಸರ್ವರನ್ನು ಮುಂದೆ ನಿಲ್ಲಿಸಿ, ದರದ ಪುಟವನ್ನು ಹೊಸ ಕೋಡಿಗೂ ಉಳಿದೆಲ್ಲವನ್ನು ಹಳೆಯ ಕೋಡಿಗೂ ಕಳಿಸುವುದು. ಒಂದು ಪುಟ ನೆಲೆಯಾದ ಮೇಲೆ ಇನ್ನೊಂದು. ಪಿಎಚ್‌ಪಿ ಇಟ್ಟ ಲಾಗಿನ್ ಸೆಷನ್ನನ್ನು ನೋಡ್ ನೇರವಾಗಿ ಓದಲಾರದು, ಆದ್ದರಿಂದ ಸೆಷನ್ನನ್ನು ಎರಡೂ ಓದಬಲ್ಲ ರೂಪದಲ್ಲಿ ಡೇಟಾಬೇಸಿನಲ್ಲಿ ಇಡುವುದು ಮೊದಲ ಹೆಜ್ಜೆಯಾಗಿರಲಿ. ಪಟ್ಟಿ ತಯಾರಿಸುವ ಲೆಕ್ಕವನ್ನು ಕಟ್ಟಕಡೆಗೆ ಮುಟ್ಟಿ.

ಯಾರಿಗೇ ಕೆಲಸ ಒಪ್ಪಿಸಿದರೂ ಕರಾರಿನಲ್ಲಿ ಒಂದು ಷರತ್ತು ಇರಲಿ: ಕಳೆದ ಮೂರು ವರ್ಷಗಳ ಎಲ್ಲ ಪಟ್ಟಿಗಳನ್ನು ಅವುಗಳ ಮೂಲ ತೂಕ ಮತ್ತು ದರದಿಂದ ಹೊಸ ಕೋಡಿನಲ್ಲಿ ಮತ್ತೆ ಲೆಕ್ಕ ಮಾಡಿಸಬೇಕು, ಹಳೆಯ ಮೊತ್ತಕ್ಕೆ ಪೈಸೆಯವರೆಗೆ ತಾಳೆಯಾಗಬೇಕು, ತಾಳೆಯಾಗದ ಪ್ರತಿಯೊಂದಕ್ಕೂ ಬರವಣಿಗೆಯಲ್ಲಿ ಕಾರಣ ಕೊಡಬೇಕು, ಆ ಬಳಿಕವೇ ಕೊನೆಯ ಕಂತು. ಎರಡು ವಾರದ ಭರವಸೆ ಈ ಷರತ್ತಿನ ಮುಂದೆ ಎಷ್ಟು ವಾರಕ್ಕೆ ಹಿಗ್ಗುತ್ತದೆ ನೋಡಿ, ಅದೇ ನಿಜವಾದ ಅಂದಾಜು. ತಾಳೆ ನೋಡುವಾಗ ನಿಮ್ಮ ಹಿರಿಯ ಗುಮಾಸ್ತರು ಪಕ್ಕದಲ್ಲಿರಲಿ. ‘ಖಾತೆ ಸಂಖ್ಯೆ 900ರ ಮೇಲಿದ್ದರೆ ದಲಾಲಿ ಬೇಡ’ ಎಂಬಂಥ ಒಂದು ಸಾಲು ಯಾವ ವಿವರಣೆಯೂ ಇಲ್ಲದೆ ಇಂಥ ಕೋಡುಗಳಲ್ಲಿ ಸಿಗುತ್ತದೆ. ಅದು ತಪ್ಪೋ, ಮನೆಯವರ ಖಾತೆಗಳಿಗೆಂದು ನಿಮ್ಮ ತಂದೆಯವರು ಹೇಳಿ ಹಾಕಿಸಿದ್ದೋ ಎಂದು ಎಐಗೂ ಗೊತ್ತಿಲ್ಲ, ಡೆವಲಪರಿಗೂ ಗೊತ್ತಿಲ್ಲ, ವಿದೇಶದಲ್ಲಿರುವ ಸೋದರಳಿಯನಿಗೂ ನೆನಪಿಲ್ಲ.

ಹೊಸದಕ್ಕೆ ದಾಟುವ ದಿನವನ್ನು ಕೊಯ್ಲಿನ ಕಾಲದಲ್ಲಾಗಲಿ ಮಾರ್ಚ್ ಕೊನೆಯಲ್ಲಾಗಲಿ ಇಟ್ಟುಕೊಳ್ಳಬೇಡಿ. ಆವಕ ಕಡಿಮೆಯಿರುವ ಮಳೆಗಾಲದ ಒಂದು ವಾರ ಆರಿಸಿಕೊಂಡು ಎರಡರಲ್ಲೂ ಪಟ್ಟಿ ಹಾಕಿ ಹೋಲಿಸಿ, ರೈತರ ಕೈಗೆ ಹಳೆಯದರ ಮುದ್ರಣವನ್ನೇ ಕೊಡಿ. ಹೊಸದು ಮುಂದಿನ ಏಪ್ರಿಲ್ ದಾಟುವವರೆಗೆ ಹಳೆಯ ತಂತ್ರಾಂಶವನ್ನು, ಓದಲು ಮಾತ್ರ ಬರುವಂತೆ ಮಾಡಿ, ಮಂಡಿಯ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ.